ನಗೆನಾಟಕಕ್ಕೆ ಮನೆಮಂದಿಯೆಲ್ಲ ಹೊರಡುವ ಮುನ್ನ

ಸತ್ಯ ಹರಿಶ್ಚಂದ್ರ ನಾಟಕದಲ್ಲಿ ನಕ್ಷತ್ರಿಕ ರಂಗದ ಮೇಲೆ ಬಂದ ಕೂಡಲೇ ಪೆಂಡಾಲಿನಲ್ಲಿ ಮಲಗಿದ್ದ ಮಕ್ಕಳು ಎದ್ದು ಕೂರುತ್ತಾರೆ. ಸಾಲ ವಸೂಲಿಗೆಂದು ವಿಶ್ವಾಮಿತ್ರ ಬೆನ್ನಿಗೆ ಹಚ್ಚಿ ಕಳಿಸಿದ ಶಿಷ್ಯ ಅವನು. ರಾಜ್ಯ ಬಿಟ್ಟುಕೊಟ್ಟು, ಹೆಂಡತಿ ಮಗನನ್ನು ಕರೆದುಕೊಂಡು ಕಾಡುದಾರಿಯಲ್ಲಿ ನಡೆಯುತ್ತಿರುವ ಹರಿಶ್ಚಂದ್ರನನ್ನು ಅವನು ಬಿಡುವುದಿಲ್ಲ. ಕಾಲು ನೋವು ಅನ್ನುತ್ತಾನೆ, ಹಸಿವು ಅನ್ನುತ್ತಾನೆ, ಇನ್ನು ಒಂದು ಹೆಜ್ಜೆ ಇಡಲಾರೆ ಎಂದು ನಡುದಾರಿಯಲ್ಲಿ ಕೂತೇಬಿಡುತ್ತಾನೆ. ಅಳು ಬರಬೇಕಾದ ಜಾಗದಲ್ಲೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಾಳೆ. ಏಳು ವರ್ಷದ ಮೊಮ್ಮಗನಿಗೆ ಅವನು ದೊಪ್ಪನೆ ಕೂತದ್ದೇ ನಗು. ಸಂಘದ ಸಾಲದ ಕಂತು ಕಟ್ಟುತ್ತಿರುವ ಸೊಸೆಗೆ, ಬಾಗಿಲಿಗೆ ಬಂದು ನಿಲ್ಲುವ ವಸೂಲಿಯವರ ನೆನಪಾಗಿ ಬೇರೆಯೇ ನಗು.

ಮನೆಮಂದಿಯೆಲ್ಲ ಒಟ್ಟಿಗೆ ನೋಡಲು ನಗೆನಾಟಕಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ನಾನು ನಂಬಿರುವುದು ಇದಕ್ಕೇ. ಟಿ.ವಿ. ಮುಂದೆ ಕೂತವರು ಪರದೆಯನ್ನಷ್ಟೇ ನೋಡುತ್ತಾರೆ. ನಾಟಕಕ್ಕೆ ಹೋದವರು ನಡುನಡುವೆ ಪಕ್ಕದವರ ಮುಖವನ್ನೂ ನೋಡುತ್ತಾರೆ. ರಂಗದ ಮೇಲಿರುವ ನಟನೂ ನಮ್ಮ ನಗು ಮುಗಿಯುವವರೆಗೆ ಕಾದು, ಆಮೇಲೆ ಮುಂದಿನ ಮಾತು ಆಡುತ್ತಾನೆ. ಆ ರಾತ್ರಿಯ ನಾಟಕ ಆ ರಾತ್ರಿ ಅಲ್ಲಿ ಕೂತವರಿಗಾಗಿಯೇ ಆಗುವಂಥದ್ದು.

ಕರಿಘಟ್ಟದ ಸುತ್ತಿನ ಸೀಮೆಗೆ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದವರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ಒಂದು ಕಡೆ ಊರೂರಿನ ಹಬ್ಬದ ಡ್ರಾಮಾ, ಇನ್ನೊಂದು ಕಡೆ ಬಸ್ಸು ಹತ್ತಿದರೆ ಸಿಗುವ ಮೈಸೂರಿನ ರಂಗಮಂದಿರಗಳು. ಎರಡೂ ಕೈಗೆಟುಕುವಲ್ಲಿ ಇರುವ ಸೀಮೆಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಎರಡಕ್ಕೂ ಹೋಗುವ ರೀತಿ ಬೇರೆ, ತಯಾರಿಯೂ ಬೇರೆ.

ಊರ ಪೆಂಡಾಲಿನಲ್ಲಿ

ಮಂಡ್ಯ ಜಿಲ್ಲೆಯಲ್ಲಿ ಸುಗ್ಗಿ ಕಳೆದ ಮೇಲೆ, ಶಿವರಾತ್ರಿ, ಯುಗಾದಿ, ಊರಹಬ್ಬದ ಆಸುಪಾಸಿನಲ್ಲಿ ಪೌರಾಣಿಕ ನಾಟಕಗಳ ಕಾಲ. ಬಸ್ ನಿಲ್ದಾಣದ ಗೋಡೆಗಳ ಮೇಲೆ, ಟೀ ಅಂಗಡಿಯ ಕಂಬಗಳಲ್ಲಿ ಕರಪತ್ರಗಳು ಕಾಣಿಸಿಕೊಳ್ಳುತ್ತವೆ: ಕುರುಕ್ಷೇತ್ರ, ದಕ್ಷಯಜ್ಞ, ಶನಿಪ್ರಭಾವ, ರಾಮಾಯಣದ ಯಾವುದೋ ಭಾಗ. ಕರಪತ್ರವನ್ನು ಪೂರ್ತಿ ಓದಿ. ಮೇಲುಗಡೆ ದೇವರ ಫೋಟೊ, ಗಣ್ಯರ ಹೆಸರು ಇರುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಯಾರು ಯಾವ ಪಾತ್ರ ಎಂಬ ಪಟ್ಟಿ. ನಿಮಗೆ ಬೇಕಾದದ್ದು ಅದೇ. ಹಾಸ್ಯದ ಪಾತ್ರಕ್ಕೆ ಊರಿನ ಯಾರಾದರೂ ನಿಂತಿದ್ದಾರೆಯೇ ನೋಡಿ. ದಿನವೂ ಡೇರಿಗೆ ಹಾಲು ಹಾಕುವವರು, ಸ್ಕೂಲಿನ ಮೇಷ್ಟ್ರು, ಎಲೆಕ್ಟ್ರಿಷಿಯನ್ ಬಣ್ಣ ಹಚ್ಚಿ ನಿಂತರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಸೋಜಿಗವಿಲ್ಲ. ಗೊತ್ತಿರುವ ಮುಖ ಗೊತ್ತಿಲ್ಲದ ಮಾತಾಡುವಾಗ ಬರುವ ನಗುವನ್ನು ಎಷ್ಟೇ ದೊಡ್ಡ ನಟ ಬಂದರೂ ಕೊಡಲಾರ.

ಪೌರಾಣಿಕ ನಾಟಕ ಎಂದರೆ ಬರೀ ಗದೆ, ಕಿರೀಟ, ಕಂದಪದ್ಯ ಎಂದು ಮಕ್ಕಳನ್ನು ಬಿಟ್ಟು ಹೋಗುವ ಮನೆಗಳಿವೆ. ಹಾಗೆ ಮಾಡಬೇಡಿ. ನಗೆ ಅಲ್ಲಿ ಕಥೆಯ ಒಳಗೇ ಇರುತ್ತದೆ. ಪ್ರಹ್ಲಾದನಿಗೆ ಪಾಠ ಹೇಳಲು ಒದ್ದಾಡುವ ಚಂಡಾಮರ್ಕರು ಸ್ಕೂಲಿಗೆ ಹೋಗುವ ಯಾವ ಮಗುವಿಗೂ ಅರ್ಥವಾಗುತ್ತಾರೆ. ವಿರಾಟಪರ್ವವಾದರೆ ಉತ್ತರಕುಮಾರ. ಹೆಂಗಸರ ಮುಂದೆ ಕೌರವರನ್ನೆಲ್ಲ ಹೊಸಕಿ ಹಾಕುವ ಮಾತು, ಸೇನೆ ಕಣ್ಣಿಗೆ ಬಿದ್ದ ಕೂಡಲೇ ರಥದಿಂದ ಹಾರಿ ಓಟ. ಉತ್ತರನ ಪೌರುಷ ಒಲೆ ಮುಂದೆ ಎಂಬ ಗಾದೆಯನ್ನು ಮನೆಯಲ್ಲಿ ಕೇಳಿಕೊಂಡೇ ಬೆಳೆದ ಮಕ್ಕಳಿಗೆ ಆ ಗಾದೆ ಕಿರೀಟ ಹಾಕಿಕೊಂಡು ಎದುರಿಗೆ ಬಂದು ನಿಂತಾಗ ಆಗುವ ಖುಷಿಯನ್ನು ನೀವೇ ನೋಡಬೇಕು. ಒಳ್ಳೆಯ ನಟನಾದರೆ ಓಡುವ ಮುನ್ನ ಒಂದು ಗಳಿಗೆ ನಿಲ್ಲುತ್ತಾನೆ. ಬಿಲ್ಲು ಕೈಯಲ್ಲೇ ಇದೆ, ಎದೆ ಇನ್ನೂ ಮುಂದಕ್ಕೇ ಇದೆ, ಮೊಣಕಾಲು ಮಾತ್ರ ನಡುಗಲು ಶುರುವಾಗುತ್ತದೆ. ನಗು ಆ ಮೊಣಕಾಲಿನಿಂದ ಏಳುತ್ತದೆ, ಓಟದಿಂದಲ್ಲ. ಹಾರ್ಮೋನಿಯಂ ಮಾಸ್ಟ್ರು ಅಲ್ಲೊಂದು ಸ್ವರ ಎಳೆದರೆ ಮುಗಿಯಿತು, ಪೆಂಡಾಲು ಬಿದ್ದು ಬಿದ್ದು ನಗುತ್ತದೆ.

ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ಮೂಡಲಪಾಯದ ಆಟ ಎಲ್ಲಾದರೂ ಇದೆ ಎಂದು ಕೇಳಿದರೆ ಬಿಡಬಾರದು. ನಾಗಮಂಗಲ ತಾಲ್ಲೂಕಿನವರೇ ಆದ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಜೀವಮಾನವಿಡೀ ಕೆಲಸ ಮಾಡಿ ಲೋಕದ ಕಣ್ಣಿಗೆ ತಂದ ಬಯಲಾಟ ಅದು. ಅದರಲ್ಲಿ ಕೋಡಂಗಿ, ಹನುಮನಾಯಕ ಎಂಬ ನಗೆಯ ಪಾತ್ರಗಳಿವೆ. ಕಥೆಯ ರಾಜರು ಏರುದನಿಯಲ್ಲಿ ಮಾತಾಡುವಾಗ ಇವರು ಊರಿನ ಆಡುಮಾತಿನಲ್ಲಿ ಅಡ್ಡ ಹಾಕುತ್ತಾರೆ. ಮಗುವಿಗೆ ಹಳಗನ್ನಡದ ಪದ್ಯ ತಿಳಿಯದಿದ್ದರೂ ಹನುಮನಾಯಕನ ಮಾತು ತಿಳಿಯುತ್ತದೆ, ಅವನ ಮೂಲಕ ಕಥೆಯೂ ತಿಳಿಯುತ್ತದೆ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ, ಬಂಗಾರಕ್ಕ ಕೂಡ ಇದೇ ಕೆಲಸ ಮಾಡುವವರು, ಆದರೆ ಅವರ ಮಾತು ಕೆಲವೊಮ್ಮೆ ಹಸಿಹಸಿಯಾಗಿರುತ್ತದೆ. ಆಡಿಸುವವರ ಬಳಿ ಮಕ್ಕಳು ಇದ್ದಾರೆ ಎಂದು ಮೊದಲೇ ಒಂದು ಮಾತು ಹೇಳಿದರೆ ಸಾಕು. ಎದುರಿಗೆ ಕೂತವರನ್ನು ನೋಡಿ ಮಾತು ಹದ ಮಾಡಿಕೊಳ್ಳುವುದು ಅವರಿಗೆ ತಲೆಮಾರುಗಳಿಂದ ಬಂದ ವಿದ್ಯೆ.

ಈಗ ವ್ಯವಸ್ಥೆಯ ಮಾತು. ಕರಪತ್ರದಲ್ಲಿ ರಾತ್ರಿ 8 ಎಂದು ಇದ್ದರೂ ತೆರೆ ಏಳುವುದು 9, 10 ಗಂಟೆಗೆ. ಮುಗಿಯುವುದು ಬೆಳಗಿನ ಜಾವ. ಆದ್ದರಿಂದ ಊಟ ಮುಗಿಸಿಯೇ ಹೊರಡಿ. ಸಂಜೆ ಚಿಕ್ಕ ಮಕ್ಕಳನ್ನು ಒಂದು ನಿದ್ದೆ ಮಾಡಿಸಿದ್ದರೆ ಮಧ್ಯರಾತ್ರಿಯವರೆಗೆ ಯೋಚನೆಯಿಲ್ಲ. ಆ ಊರಿನಲ್ಲಿ ನೆಂಟರಿದ್ದರೆ ಹೋಗುವ ಮೊದಲೇ ಅವರಿಗೆ ಒಂದು ಫೋನ್ ಮಾಡಿ. ಹೆಂಗಸರಿಗೆ, ವಯಸ್ಸಾದವರಿಗೆ ಶೌಚಾಲಯದ ಅನುಕೂಲ ಪೆಂಡಾಲಿನ ಬಳಿ ಇರುವುದು ಅಪರೂಪ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಷ್ಟೋ ಹೆಂಗಸರು ನಾಟಕಕ್ಕೆ ಹೋಗದೆ ಮನೆಯಲ್ಲೇ ಉಳಿಯುವುದು ಇದೊಂದೇ ಕಾರಣಕ್ಕೆ. ಹತ್ತಿರದಲ್ಲಿ ಒಂದು ಮನೆ ಗೊತ್ತಿದ್ದರೆ ಅವ್ವ, ಅಜ್ಜಿ ಇಬ್ಬರೂ ನೆಮ್ಮದಿಯಾಗಿ ಕೂರುತ್ತಾರೆ.

ಮುಂದಿನ ಸಾಲೇ ಬೇಕು ಎಂದು ಮಕ್ಕಳು ಹಟ ಮಾಡುತ್ತಾರೆ. ರಂಗದ ಎರಡೂ ಬದಿಗೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಇರುತ್ತವೆ. ಅವುಗಳ ಎದುರಿಗೆ ಮಕ್ಕಳನ್ನು, ಅದರಲ್ಲೂ ಕೈಗೂಸುಗಳನ್ನು ಕೂರಿಸಲೇಬೇಡಿ, ಎಳೆಯ ಕಿವಿಗೆ ಆ ಸದ್ದು ಅಪಾಯ. ರಂಗಕ್ಕೆ ನೇರವಾಗಿ, ನಡುಭಾಗದಲ್ಲಿ, ಐದಾರು ಸಾಲು ಹಿಂದಕ್ಕೆ ಕೂತರೆ ನಟರ ಮುಖವೂ ಕಾಣುತ್ತದೆ, ಮಾತೂ ಒಡೆಯುವುದಿಲ್ಲ. ಜನರೇಟರ್ ಇಟ್ಟ ಕಡೆ, ವೈರು ಎಳೆದ ಕಡೆ ಮಕ್ಕಳು ಓಡಾಡದಂತೆ ಒಬ್ಬರು ಕಣ್ಣಿಟ್ಟಿರಬೇಕು. ಜಮಖಾನ, ಹೊದೆಯಲು ಕಂಬಳಿ ಅಥವಾ ದುಪಟಿ, ತಲೆಗೆ ಟೋಪಿ ಇಲ್ಲವೇ ಮಫ್ಲರ್ ಬೇಕೇಬೇಕು. ಮಾರ್ಚ್ ತಿಂಗಳಲ್ಲೂ ಲೋಕಪಾವನಿ, ಕಾವೇರಿ ದಡದ ಊರುಗಳಲ್ಲಿ ನಡುರಾತ್ರಿ ಮಂಜು ಇಳಿಯುತ್ತದೆ. ಕಡಲೆಪುರಿ, ಬೋಂಡ, ಕಾಫಿ ಅಲ್ಲೇ ಸಿಗುತ್ತದೆ, ಕುಡಿಯುವ ನೀರು ಮಾತ್ರ ಮನೆಯಿಂದಲೇ ಒಯ್ಯಿರಿ.

ಇಡೀ ರಾತ್ರಿ ಕೂರಲೇಬೇಕೆಂಬ ನಿಯಮವೇನೂ ಇಲ್ಲ. ಮಕ್ಕಳಿರುವ ಮನೆಯವರು ಪೂರ್ವಾರ್ಧ ನೋಡಿ ಎದ್ದು ಬಂದರೆ ಅದೇನು ಅಗೌರವವಲ್ಲ. ಆದರೆ ಏಳುವುದಾದರೆ ಸೀನು ಬದಲಾಗುವಾಗ, ಪರದೆ ಬಿದ್ದಾಗ ಏಳಿ. ಪಾತ್ರಧಾರಿ ಹಾಡು ಎತ್ತಿಕೊಂಡಾಗ ಎದುರಿಗೇ ಒಂದು ಸಂಸಾರ ಎದ್ದು ಚಾಪೆ ಸುತ್ತಿಕೊಂಡು ಹೋದರೆ ತಿಂಗಳುಗಟ್ಟಲೆ ಕಲಿತ ಆ ಮನುಷ್ಯನಿಗೆ ಎಷ್ಟು ನೋವಾಗಬಹುದು, ಯೋಚಿಸಿ. ಮೆಚ್ಚಿದ ಪಾತ್ರಕ್ಕೆ ಮುಯ್ಯಿ ಮಾಡುವ ರೂಢಿ ಇದೆ. ಹಾರವೋ, ನೂರು ರೂಪಾಯಿಯ ನೋಟೋ. ಅರ್ಜುನ, ದುರ್ಯೋಧನರಿಗೆ ಎಲ್ಲರೂ ಮುಯ್ಯಿ ಮಾಡುತ್ತಾರೆ. ಹಾಸ್ಯದ ಪಾತ್ರಕ್ಕೆ ಮಾಡುವವರು ಕಡಿಮೆ. ನಿಮ್ಮ ಮಗುವಿನ ಕೈಯಲ್ಲಿ ಅವನಿಗೊಂದು ಹಾರ ಕೊಡಿಸಿ.

ಮೈಸೂರಿನ ರಂಗಮಂದಿರಕ್ಕೆ

ಶ್ರೀರಂಗಪಟ್ಟಣದಿಂದ ಮೈಸೂರಿಗೆ 16 ಕಿಲೋಮೀಟರ್ ಅಷ್ಟೇ. ಪಾಂಡವಪುರದವರಿಗೂ ದೂರವೇನಲ್ಲ, ರೈಲೂ ಇದೆ. ಅಲ್ಲಿ ವಿನೋಬಾ ರಸ್ತೆಯ ಕಲಾಮಂದಿರದ ಆವರಣ ಮೊದಲು ತಿಳಿದಿರಬೇಕಾದ ಜಾಗ. ದೊಡ್ಡ ಸಭಾಂಗಣ ಕಲಾಮಂದಿರ, ಪಕ್ಕದಲ್ಲಿ ಕಿರುರಂಗಮಂದಿರ, ಹಿಂದುಗಡೆ ರಂಗಾಯಣ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ಸರ್ಕಾರಿ ರೆಪರ್ಟರಿ ಅದು. ಅಲ್ಲಿನ ಭೂಮಿಗೀತ ಒಳಾಂಗಣದ ಚಿಕ್ಕ ರಂಗ, ವನರಂಗ ಬಯಲುರಂಗ. ವಾರಾಂತ್ಯದ ಸಂಜೆಗಳಲ್ಲಿ ಭೂಮಿಗೀತದಲ್ಲಿ ನಾಟಕ ಇಟ್ಟುಕೊಳ್ಳುವುದು ರೂಢಿ. ರಾಮಕೃಷ್ಣನಗರದಲ್ಲಿ ನಟ ಮಂಡ್ಯ ರಮೇಶ್ ಕಟ್ಟಿದ ನಟನ ರಂಗಶಾಲೆಗೂ ತನ್ನದೇ ರಂಗಮಂದಿರವಿದೆ. ಅಲ್ಲಿ ನಗೆಯ ನಾಟಕಗಳಿಗೆ ಒಳ್ಳೆಯ ಜಾಗ ಉಂಟು. ಟಿಕೆಟ್ ಬೆಲೆ ಮಲ್ಟಿಪ್ಲೆಕ್ಸಿನ ಸಿನಿಮಾಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ.

ಚಿಕ್ಕ ಮಕ್ಕಳನ್ನು ಮೊದಲ ಸಲ ಕರೆದೊಯ್ಯುವುದಾದರೆ ಬೇಸಿಗೆ ರಜೆಯನ್ನು ಆರಿಸಿಕೊಳ್ಳಿ. ರಂಗಾಯಣದ ಚಿಣ್ಣರ ಮೇಳ ನಡೆಯುವುದು ಆಗಲೇ. ಶಿಬಿರಕ್ಕೆ ಸೇರಿದ ಮಕ್ಕಳು ಕೊನೆಗೆ ತಾವೇ ನಾಟಕ ಆಡುತ್ತಾರೆ. ತನ್ನಷ್ಟೇ ಎತ್ತರದ ಹುಡುಗ ಇಲಿಯೋ ರಾಜನೋ ಆಗಿ ರಂಗದ ಮೇಲೆ ಕುಣಿಯುವುದನ್ನು ನೋಡಿದ ಮಗು ನಾಟಕ ಎಂದರೇನೆಂದು ಯಾರ ವಿವರಣೆಯೂ ಇಲ್ಲದೆ ತಿಳಿದುಕೊಳ್ಳುತ್ತದೆ. ಅಂಥ ಪ್ರೇಕ್ಷಕರ ನಡುವೆ ಮಕ್ಕಳು ಜೋರಾಗಿ ಮಾತಾಡಿದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ.

ದೊಡ್ಡವರ ನಾಟಕಕ್ಕೆ ಹಾಗಲ್ಲ. ಸಂಜೆ 6.30 ಎಂದರೆ 6.30. ಮೊದಲ ಗಂಟೆ, ಎರಡನೇ ಗಂಟೆ, ಮೂರನೇ ಗಂಟೆ ಆದ ಮೇಲೆ ಬಾಗಿಲು ಹಾಕುವ ಕಡೆಗಳಿವೆ. ಊರ ಡ್ರಾಮಾದ ಲೆಕ್ಕದಲ್ಲಿ 7 ಗಂಟೆಗೆ ಹೋದರೆ ಹೊರಗೇ ನಿಲ್ಲಬೇಕಾಗುತ್ತದೆ. ಟಿಕೆಟ್ ತೆಗೆಸುವ ಮೊದಲು ಸಂಘಟಕರಿಗೆ ಫೋನ್ ಮಾಡಿ ಇಷ್ಟು ಕೇಳಿಕೊಳ್ಳಿ: ಎಷ್ಟು ಹೊತ್ತಿನ ನಾಟಕ, ನಡುವೆ ವಿರಾಮ ಇದೆಯೇ, ಎಷ್ಟು ವಯಸ್ಸಿನ ಮಕ್ಕಳನ್ನು ಬಿಡುತ್ತಾರೆ, ಮೆಟ್ಟಿಲು ಹತ್ತದೆ ಒಳಗೆ ಹೋಗಲು ದಾರಿ ಇದೆಯೇ. ಕೊನೆಯ ಪ್ರಶ್ನೆ ತಾತನಿಗಾಗಿ. ವನರಂಗದಂಥ ಬಯಲುರಂಗವಾದರೆ ಬೆನ್ನಿಗೆ ಆಸರೆ ಇರುವುದಿಲ್ಲ ಎಂದುಕೊಂಡೇ ಹೋಗಿ. ಒಂದು ದಿಂಬು, ಒಂದು ಶಾಲು ಇದ್ದರೆ ಎರಡು ಗಂಟೆ ಕೂರಬಹುದು.

ತಾತ ಅಜ್ಜಿಯರ ವಿಷಯದಲ್ಲಿ ಇನ್ನೊಂದು ಮಾತು. ನಗೆನಾಟಕದಲ್ಲಿ ಕಿವಿ ಮಂದವಾದವರಿಗೆ ಆಗುವ ಬೇಸರ ಬೇರೆ ಯಾವ ನಾಟಕದಲ್ಲೂ ಆಗುವುದಿಲ್ಲ. ಸುತ್ತ ಎಲ್ಲರೂ ನಗುತ್ತಾರೆ, ತನಗೊಬ್ಬನಿಗೆ ಮಾತು ಕೇಳಿಸಲಿಲ್ಲ. ಏನಂದ, ಏನಂದ ಎಂದು ಪಕ್ಕದವರನ್ನು ಕೇಳುವ ಹೊತ್ತಿಗೆ ಮುಂದಿನ ಮಾತೂ ಹೋಗಿರುತ್ತದೆ. ಎರಡು ಮೂರು ಸಲ ಹೀಗಾದರೆ ತಾತ ಸುಮ್ಮನಾಗಿಬಿಡುತ್ತಾರೆ, ಮುಂದಿನ ಸಲ ನಾಟಕಕ್ಕೆ ಬರುವುದಿಲ್ಲ ಅನ್ನುತ್ತಾರೆ. ಅಂಥವರು ಇದ್ದರೆ ಮುಂದಿನ ಎರಡು ಮೂರು ಸಾಲಿನಲ್ಲೇ ಸೀಟು ತೆಗೆಸಿ, ಮೈಕ್ ಇಲ್ಲದ ಚಿಕ್ಕ ರಂಗಮಂದಿರವಾದರೆ ನಟರ ತುಟಿ ಕಾಣುವಷ್ಟು ಹತ್ತಿರ. ಕಥೆಯನ್ನು ಮನೆಯಲ್ಲೇ ಅವರಿಗೆ ಹೇಳಿಟ್ಟಿರಿ. ಕಥೆ ಗೊತ್ತಿದ್ದರೆ ಅರ್ಧ ಮಾತು ಕೇಳಿಸಿದರೂ ನಗು ತಪ್ಪುವುದಿಲ್ಲ. ಪೌರಾಣಿಕ ನಾಟಕದಲ್ಲಿ ಅಜ್ಜಂದಿರು ಎಲ್ಲರಿಗಿಂತ ಮೊದಲು ನಗುವುದು ಕಥೆ ಬಾಯಿಪಾಠ ಇರುವುದರಿಂದಲೇ ಅಲ್ಲವೇ.

ಮಕ್ಕಳಿಗೆ ಮಾತ್ರ ಇದಕ್ಕೆ ತಿರುಗಾಮುರುಗಾ. ಅವರಿಗೆ ಮೊದಲೇ ನಗೆಯ ಮಾತು ಹೇಳಬೇಡಿ. ನಾಟಕ ನಡೆಯುವಾಗ ಈಗ ನೋಡು, ಈಗ ನೋಡು ಎಂದು ತಿವಿಯಬೇಡಿ. ದೊಡ್ಡವರು ನಕ್ಕಾಗ ಮಗು ನಗದಿದ್ದರೆ ಅದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಹತ್ತು ನಿಮಿಷದಲ್ಲಿ ಯಾರೂ ನಗದ ಕಡೆ ಅದೊಂದೇ ಕಿಲಕಿಲ ನಕ್ಕೀತು. ಅದರ ನಗು ಅದು ಹುಡುಕಿಕೊಳ್ಳಲಿ.

ಯಾವ ನಾಟಕ, ಯಾರಿಗೆ

ಹಾಸ್ಯ ನಾಟಕ ಎಂದು ಪೋಸ್ಟರಿನಲ್ಲಿ ಬರೆದ ಮಾತ್ರಕ್ಕೆ ಮನೆಮಂದಿಯೆಲ್ಲ ಕೂತು ನೋಡುವಂಥದ್ದು ಎಂದೇನೂ ಅಲ್ಲ. ಹೆಸರು ಗೊತ್ತಿದ್ದರೆ ಆರಿಸುವುದು ಸುಲಭ.

ಟಿ.ಪಿ. ಕೈಲಾಸಂ ಅವರ ಟೊಳ್ಳುಗಟ್ಟಿ ನೂರು ವರ್ಷ ದಾಟಿದ್ದರೂ ಇವತ್ತಿನ ಮನೆಗೇ ಬರೆದಂತಿದೆ. ಪರೀಕ್ಷೆ, ಮಾರ್ಕ್ಸು ಎಂದೇ ಬದುಕುವ ಪುಟ್ಟು ಒಂದು ಕಡೆ, ಓದಿನಲ್ಲಿ ಹಿಂದಾದರೂ ಮನಸ್ಸು ಗಟ್ಟಿಯಾದ ಮಾಧು ಇನ್ನೊಂದು ಕಡೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಅಪ್ಪ ಅಮ್ಮ ಮಕ್ಕಳ ಪಕ್ಕದಲ್ಲೇ ಕೂತು ಇದನ್ನು ನೋಡಬೇಕು. ಕೈಲಾಸಂ ಅವರ ಪಾತ್ರಗಳು ಆಡುವುದು ಇಂಗ್ಲಿಷ್ ಬೆರೆತ ಆ ಕಾಲದ ಪಟ್ಟಣದ ಕನ್ನಡ. ಹಳ್ಳಿಯ ಹಿರಿಯರಿಗೆ ಕೆಲವು ಮಾತು ಹಾರಿಹೋಗಬಹುದು, ಮಕ್ಕಳು ಮಾತ್ರ ಚೆನ್ನಾಗಿ ಹಿಡಿಯುತ್ತಾರೆ.

ಸದಾರಮೆ ಎಲ್ಲ ವಯಸ್ಸಿನವರಿಗೂ ಒಪ್ಪುವ ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಹೆಸರು ತಂದ ನಾಟಕಗಳಲ್ಲಿ ಅದೊಂದು. ಅದರ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ನಾಡನ್ನೇ ನಗಿಸಿದರು. ಅವರ ಮೊಮ್ಮಗಳು ಬಿ. ಜಯಶ್ರೀ ಮುಂದೆ ಅದೇ ಕಳ್ಳನಾಗಿ ರಂಗಕ್ಕೆ ಬಂದರು, ಹೆಣ್ಣುಮಗಳು ಗಂಡು ಕಳ್ಳನಾಗಿ! ಯಾವ ತಂಡ ಆಡಿದರೂ ನೋಡಬೇಕಾದದ್ದು ಆ ಕಳ್ಳನನ್ನೇ. ಮಕ್ಕಳಿಗೆ ಹಾಡುಗಳೂ ಹಿಡಿಸುತ್ತವೆ.

ಹಬೀಬ್ ತನ್ವೀರರ ಚರಣದಾಸ ಚೋರ್ ಛತ್ತೀಸ್‌ಗಢಿ ಮಾತಿನಲ್ಲಿ ರಂಗಕ್ಕೆ ಬಂದದ್ದು 1975ರಲ್ಲಿ. ಚೋರ ಚರಣದಾಸ ಎಂದು ಕನ್ನಡದಲ್ಲೂ ಅದನ್ನು ಆಡುತ್ತಾರೆ. ಸುಳ್ಳು ಹೇಳುವುದಿಲ್ಲ ಎಂದು ಗುರುವಿಗೆ ಮಾತು ಕೊಟ್ಟ ಕಳ್ಳ ಅವನು. ಚಿನ್ನದ ತಟ್ಟೆಯಲ್ಲಿ ಉಣ್ಣುವುದಿಲ್ಲ, ಆನೆ ಮೇಲೆ ಮೆರವಣಿಗೆ ಹೋಗುವುದಿಲ್ಲ, ರಾಣಿಯನ್ನು ಮದುವೆಯಾಗುವುದಿಲ್ಲ, ರಾಜನಾಗುವುದಿಲ್ಲ ಎಂದೂ ತಮಾಷೆಗೆ ಆಣೆ ಮಾಡಿರುತ್ತಾನೆ, ಇವೆಲ್ಲ ತನಗೆಲ್ಲಿ ಸಿಗಬೇಕು ಎಂದುಕೊಂಡು. ಒಂದೊಂದಾಗಿ ಎಲ್ಲವೂ ಎದುರಿಗೆ ಬಂದು ನಿಲ್ಲುತ್ತವೆ. ಕೊನೆಯವರೆಗೂ ನಗು. ಆದರೆ ಕೊನೆಯಲ್ಲಿ ಕೊಟ್ಟ ಮಾತಿಗಾಗಿ ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ಎಂಟೊಂಬತ್ತು ವರ್ಷದ ಮಗುವಿಗೆ ಇದು ಆಘಾತ ಆಗಬಹುದು, ಅಷ್ಟು ಹೊತ್ತು ನಗಿಸಿದವನೇ ಸತ್ತ ಎಂದು. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ನಾಟಕ ಮುಗಿದ ಮೇಲೆ ನಟರನ್ನು ನೋಡಿಕೊಂಡೇ ಬನ್ನಿ. ಚರಣದಾಸ ಬಣ್ಣ ಒರೆಸಿಕೊಳ್ಳುತ್ತಾ ಮಗುವಿನ ಕೈ ಕುಲುಕಿದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಗಿರೀಶ ಕಾರ್ನಾಡರ ಹಯವದನಕ್ಕೂ ಇದೇ ಮಾತು ಸಲ್ಲುತ್ತದೆ. ಕುದುರೆಮುಖದ ಮನುಷ್ಯ ನಗಿಸುತ್ತಾನೆ, ತಲೆ ಕಡಿದುಕೊಳ್ಳುವ ದೃಶ್ಯ ಹೆದರಿಸುತ್ತದೆ. ಹೈಸ್ಕೂಲು ಮುಟ್ಟಿದ ಮಕ್ಕಳಿಗೆ ಸರಿ.

ಕೆ.ಆರ್. ಪೇಟೆಯವರು ಹೆಮ್ಮೆಯಿಂದ ಹುಡುಕಿಕೊಂಡು ಹೋಗಬೇಕಾದ ನಾಟಕ ಆಷಾಢಭೂತಿ. ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಫ್ರೆಂಚ್ ನಾಟಕಕಾರ ಮೋಲಿಯೇರನ ತಾರ್ತೂಫ್ ಅನ್ನು ಕನ್ನಡಕ್ಕೆ ಒಗ್ಗಿಸಿದ್ದು ಹೀಗೆ. ಭಕ್ತಿಯ ವೇಷ ಹಾಕಿ ಮನೆಯೊಳಗೆ ಸೇರಿಕೊಂಡವನು, ಕಣ್ಣಿಗೆ ರಾಚಿದರೂ ಕಾಣದ ಯಜಮಾನ, ಎಲ್ಲ ಅರಿತ ಮನೆಯ ಹೆಂಗಸರು. 1664ರ ಫ್ರಾನ್ಸಿನಲ್ಲಿ ಗದ್ದಲ ಎಬ್ಬಿಸಿದ ಈ ಕಥೆ ನಮ್ಮ ಯಾವ ಊರಿಗೂ ಹೊಸದಲ್ಲ. ಊರಿನ ಯುವಕ ಸಂಘದವರು, ಕಾಲೇಜಿನವರು ಮುಂದಿನ ವರ್ಷ ಯಾವ ನಾಟಕ ಎಂದು ಯೋಚಿಸುತ್ತಿದ್ದರೆ ಇದನ್ನು ಯಾಕೆ ಎತ್ತಿಕೊಳ್ಳಬಾರದು? ಬೇರೆ ಭಾಷೆಯ ನಾಟಕವನ್ನು ಕನ್ನಡಕ್ಕೆ ಒಗ್ಗಿಸುವ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಹಕ್ಕೂ ಇದೆ. ನಮಗೆ ಸಿಕ್ಕಿರುವ ಕನ್ನಡದ ಮೊದಲ ನಾಟಕ ಮಿತ್ರವಿಂದಾ ಗೋವಿಂದವನ್ನು ಸಿಂಗರಾರ್ಯ ಬರೆದದ್ದು 17ನೇ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ. ಆಗ ರಾಜಧಾನಿ ಶ್ರೀರಂಗಪಟ್ಟಣ. ಅದಕ್ಕೆ ಆಧಾರವಾದ ಹರ್ಷನ ಸಂಸ್ಕೃತ ರತ್ನಾವಳಿಯಲ್ಲಿ ಲಾಯದಿಂದ ತಪ್ಪಿಸಿಕೊಂಡ ಕೋತಿ ಪಂಜರದ ಬಾಗಿಲು ತೆಗೆದು, ಹಾರಿಹೋದ ಗೊರವಂಕ ಗುಟ್ಟಿನ ಮಾತನ್ನೆಲ್ಲ ಒಪ್ಪಿಸಿಬಿಡುವ ನಗೆಯ ಪ್ರಸಂಗವೂ ಇದೆ.

ರಾಜಕೀಯ ವಿಡಂಬನೆಗೆ ಬಂದರೆ ಮಾಸ್ಟರ್ ಹಿರಣ್ಣಯ್ಯನವರ ಹೆಸರು ಹೇಳದೆ ಮುಂದೆ ಹೋಗಲಾಗದು. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಅವರ ಲಂಚಾವತಾರ ನೋಡಲು ಸಂಸಾರ ಸಮೇತ ಜನ ಹೋಗುತ್ತಿದ್ದರು. ಬೆಳಗಿನ ಪೇಪರಿನ ಸುದ್ದಿ ರಾತ್ರಿ ಅವರ ಮಾತಿನಲ್ಲಿ ಇರುತ್ತಿತ್ತು. ಆ ಬಗೆಯ ನಾಟಕಕ್ಕೆ ಮಕ್ಕಳನ್ನು ಕರೆದೊಯ್ಯಲು ಹೆದರಬೇಕಿಲ್ಲ. ತಾಲ್ಲೂಕು ಕಚೇರಿಗೆ ಅಪ್ಪನ ಜತೆ ಒಮ್ಮೆ ಹೋಗಿಬಂದ ಹುಡುಗನಿಗೆ ಲಂಚದ ಜೋಕು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೋಯಿಸುವ ನಗೆ

ಕೆಲವು ಹಾಸ್ಯ ನಾಟಕಗಳಲ್ಲಿ ದ್ವಂದ್ವಾರ್ಥದ ಮಾತೇ ಬಂಡವಾಳ. ನಾಟಕದ ಹೆಸರಿನಲ್ಲೇ ಅದರ ವಾಸನೆ ಹೊಡೆಯುತ್ತದೆ. ಅಂಥದ್ದನ್ನು ಮೊದಲೇ ನೋಡಿದವರ ಹತ್ತಿರ ವಿಚಾರಿಸಿಕೊಳ್ಳಿ. ಹೆಂಗಸರ ಹತ್ತಿರ ವಿಚಾರಿಸಿದರೆ ಉತ್ತರ ಇನ್ನೂ ನಿಖರವಾಗಿ ಸಿಗುತ್ತದೆ.

ಅದಕ್ಕಿಂತ ಕಷ್ಟ, ಅಶ್ಲೀಲವಲ್ಲದ, ಆದರೆ ಮನಸ್ಸು ಚುಚ್ಚುವ ನಗೆ. ದಪ್ಪಗಿರುವವರನ್ನು, ಕಪ್ಪಗಿರುವವರನ್ನು, ಉಗ್ಗುವವರನ್ನು, ಹೆಣ್ಣುಡುಗೆ ತೊಟ್ಟ ಗಂಡನ್ನು ತೋರಿಸಿ ನಗಿಸುವುದು ನಮ್ಮ ರಂಗದಿಂದ ಇನ್ನೂ ಹೋಗಿಲ್ಲ. ನಿಮ್ಮ ಪಕ್ಕದಲ್ಲಿ ಕೂತ ಮಗಳು ಮೈಕೈ ತುಂಬಿಕೊಂಡ ಹನ್ನೆರಡರ ಹುಡುಗಿಯಾಗಿದ್ದರೆ ಇಡೀ ಸಭೆ ಗೊಳ್ಳೆಂದಾಗ ಅವಳ ಮುಖ ಒಮ್ಮೆ ನೋಡಿ. ನಗಬೇಕೋ ಬೇಡವೋ ಎಂದು ಅವಳು ನಿಮ್ಮ ಕಡೆಗೇ ತಿರುಗಿರುತ್ತಾಳೆ. ಆಗ ನೀವು ನಗದಿದ್ದರೆ ಸಾಕು, ಅವಳಿಗೆ ಅರ್ಥವಾಗುತ್ತದೆ. ಎದ್ದು ಹೋಗಬೇಕಾಗಿಲ್ಲ, ಅಲ್ಲಿಯೇ ಉಪದೇಶ ಮಾಡಬೇಕಾಗಿಯೂ ಇಲ್ಲ. ಮನೆಗೆ ಬರುವ ದಾರಿಯಲ್ಲಿ ಆ ಮಾತು ನನಗೆ ಹಿಡಿಸಲಿಲ್ಲ ಕಣವ್ವಾ ಎಂದು ಹೇಳಿ. ತಂಡದವರಿಗೂ ಹೇಳಿ. ನಾಟಕ ಮುಗಿದ ಮೇಲೆ ಬಣ್ಣದ ಮನೆಯ ಬಾಗಿಲಲ್ಲಿ ನಿಂತು, ಉಳಿದದ್ದೆಲ್ಲ ಚೆನ್ನಾಗಿತ್ತು, ಆ ಒಂದು ಜೋಕು ಬೇಡವಾಗಿತ್ತು ಎಂದು ಮರ್ಯಾದೆಯಿಂದ ಹೇಳಿದರೆ ನಟರು ಕೇಳಿಸಿಕೊಳ್ಳುತ್ತಾರೆ. ಸಿನಿಮಾದಲ್ಲಿ ಮಾತು ತಿದ್ದಲಾಗದು, ನಾಟಕದಲ್ಲಿ ಮುಂದಿನ ಪ್ರದರ್ಶನಕ್ಕೇ ತಿದ್ದಬಹುದು.

ಮೊಬೈಲ್ ವಿಷಯದಲ್ಲಿ ನನಗೆ ರಾಜಿಯಿಲ್ಲ. ನಗೆಯ ಮಾತಿಗೆ ಮುಂಚೆ ನಟ ಬಿಡುವ ಆ ಅರೆಕ್ಷಣದ ಮೌನದಲ್ಲಿ ಒಂದು ರಿಂಗ್‌ಟೋನ್ ಹೊಡೆದರೆ ಆ ಮಾತು ಸತ್ತಂತೆ. ಸೈಲೆಂಟ್ ಸಾಲದು, ಸ್ವಿಚ್ ಆಫ್ ಮಾಡಿ. ವಿಡಿಯೊ ಮಾಡುತ್ತಾ ಕೂತ ಅಪ್ಪನ ಪಕ್ಕದ ಮಗು ರಂಗವನ್ನು ಬಿಟ್ಟು ಅಪ್ಪನ ಕೈಯಲ್ಲಿರುವ ಪರದೆ ನೋಡುತ್ತದೆ.

ಹೋಗಿ ಬರುವ ದಾರಿ

ಮೈಸೂರಿನ ನಾಟಕ 8.30, 9ಕ್ಕೆ ಬಿಟ್ಟರೆ ಶ್ರೀರಂಗಪಟ್ಟಣ, ಮಂಡ್ಯ ಕಡೆಗೆ ಬೆಂಗಳೂರಿನ ಬಸ್ಸುಗಳು ಸಿಗುತ್ತವೆ, ಆದರೆ ಎಲ್ಲವೂ ಶ್ರೀರಂಗಪಟ್ಟಣದ ಒಳಗೆ ಬರುವುದಿಲ್ಲ. ಹತ್ತುವಾಗಲೇ ಕಂಡಕ್ಟರನ್ನು ಕೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅಜ್ಜಿ, ಅವ್ವ, ಹೆಣ್ಣುಮಕ್ಕಳು ಆಧಾರ್ ಇಟ್ಟುಕೊಂಡರೆ ಪ್ರಯಾಣದ ಖರ್ಚು ನಾಟಕದ ಟಿಕೆಟ್ಟಿಗೆ ಉಳಿಯಿತು. ನಾಗಮಂಗಲ, ಕೆ.ಆರ್. ಪೇಟೆಯ ಒಳಹಳ್ಳಿಗಳಿಗೆ ರಾತ್ರಿ ಬಸ್ಸು ನಂಬಿಕೊಳ್ಳಬಾರದು. ಎರಡು ಮೂರು ಮನೆಯವರು ಸೇರಿ ಒಂದು ಗಾಡಿ ಮಾಡಿಕೊಳ್ಳುವುದು ಮೇಲು. ಬೈಕಿನಲ್ಲಿ ನಾಲ್ವರು ಕೂತು ರಾತ್ರಿ ಹೆದ್ದಾರಿಯಲ್ಲಿ ಬರುವ ಯೋಚನೆ ಮಾತ್ರ ಬೇಡ.

ಅಷ್ಟು ದೂರ ಆಗದು ಎನ್ನುವವರಿಗೆ ಶ್ರೀರಂಗಪಟ್ಟಣದ ದಸರಾ ಇದೆ. ಕಿರಂಗೂರಿನ ಬನ್ನಿಮಂಟಪದಿಂದ ಜಂಬೂಸವಾರಿ ಹೊರಟ ಮೇಲೆ ಸಂಜೆ ಸಾಂಸ್ಕೃತಿಕ ವೇದಿಕೆ. ಯಾವ ದಿನ ನಾಟಕ, ಯಾವ ದಿನ ಹಾಸ್ಯದ ಕಾರ್ಯಕ್ರಮ ಎಂದು ಪಟ್ಟಿ ನೋಡಿಕೊಂಡು ಆ ದಿನವೇ ಹೋಗಿ, ಜಂಬೂಸವಾರಿಯ ದಿನದ ನೂಕುನುಗ್ಗಲಿನಲ್ಲಿ ವಯಸ್ಸಾದವರನ್ನು ಕರೆದೊಯ್ಯಬೇಡಿ. ಕರಿಘಟ್ಟದ ಶ್ರೀನಿವಾಸನ ಜಾತ್ರೆಗೆ ಬಂದ ನೆಂಟರನ್ನು ಒಂದು ದಿನ ಹೆಚ್ಚು ಉಳಿಸಿಕೊಂಡು, ಆ ವಾರ ಆಸುಪಾಸಿನಲ್ಲಿ ಎಲ್ಲಿ ಡ್ರಾಮಾ ಇದೆ ಎಂದು ವಿಚಾರಿಸುವುದೂ ಒಳ್ಳೆಯ ಉಪಾಯ.

ನಾಟಕ ಕಂಡು ಬಂದ ಮಾರನೇ ದಿನ ಮಕ್ಕಳು ಟವೆಲ್ಲನ್ನು ಪರದೆ ಮಾಡಿ ಹಜಾರದಲ್ಲಿ ಆಡಲು ಶುರು ಮಾಡುತ್ತಾರೆ. ಹೋಂವರ್ಕ್ ಎಂದು ತಡೆಯಬೇಡಿ. ಅವರ ಆಸೆ ಅಲ್ಲಿಗೆ ನಿಲ್ಲದಿದ್ದರೆ ಊರಿನ ನಾಟಕದ ಪ್ರಾಕ್ಟೀಸಿಗೆ ಕರೆದುಕೊಂಡು ಹೋಗಿ. ಹಬ್ಬಕ್ಕೆ ಎರಡು ಮೂರು ತಿಂಗಳು ಇರುವಾಗಲೇ ರಾತ್ರಿ ಊಟವಾದ ಮೇಲೆ ಸ್ಕೂಲಿನ ಕೊಠಡಿಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಅದು ನಡೆಯುತ್ತದೆ. ಟಿಕೆಟ್ ಇಲ್ಲ, ಸ್ಪೀಕರ್ ಇಲ್ಲ, 9.30ಕ್ಕೆಲ್ಲ ಮನೆಗೆ ಬರಬಹುದು. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮೇಲಿನ ಕೈ ತೆಗೆಯದೆ, ಅಯ್ಯೋ ಅಲ್ಲಲ್ಲ, ಮೊದಲು ನಿಂತ್ಕೊ, ಜನ ನಕ್ಕ ಮೇಲೆ ಮಾತಾಡು ಎಂದು ಉತ್ತರಕುಮಾರನಿಗೆ ಹತ್ತನೇ ಸಲ ಹೇಳಿಕೊಡುತ್ತಿರುತ್ತಾರೆ. ಮೇಷ್ಟ್ರ ಅಪ್ಪಣೆ ಕೇಳಿ ಮಕ್ಕಳನ್ನು ಗೋಡೆ ಪಕ್ಕ ಕೂರಿಸಿ. ನಗುವವರು ಒಬ್ಬಿಬ್ಬರು ಎದುರಿಗಿದ್ದರೆ ಕಲಿಯುವವರಿಗೂ ಅನುಕೂಲ.